ಲೂಯಿಸ್ ಪರ ಒಂದು ಮಾತು

ಜಯನಗರದ ಗುಮಾಸ್ತ ಚಕ್ರಪಾಣಿಯಾಗಲಿ, ಪಕ್ಕದ ಮನೆಯ ಶೇಷಗಿರಿಯಾಗಲಿ ಒಂದು ಬಾಕ್ಸಿಂಗ್ ಪಂದ್ಯವನ್ನೂ ಕಣ್ಣಾರೆ ಕಂಡವರಲ್ಲ. ಇಬ್ಬರ ತೋಳೂ ಕೊಡೆ ಹಿಡಿಯುವುದಕ್ಕಷ್ಟೇ ಲಾಯಕ್ಕು. ಆದರೂ ಹನ್ನೊಂದು ವರ್ಷ, ದಿನಾ ಸಂಜೆ ಹೋಟೆಲಿನಲ್ಲಿ ಒಂದು ಕಾಫಿಯನ್ನು ಬೈಟು ಮಾಡಿಕೊಂಡು ಒಂದೇ ಜಗಳವಾಡಿದರು: ಇಪ್ಪತ್ತರ ದಶಕದ ಅಮೆರಿಕನ್ ಬಾಕ್ಸರ್ ಡೆಂಪ್ಸಿಗೆ ನಲವತ್ತರ ದಶಕದ ಜೋ ಲೂಯಿಸ್ ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ಚಕ್ರಪಾಣಿ ಡೆಂಪ್ಸಿ ಪರ, ಶೇಷಗಿರಿ ಲೂಯಿಸ್ ಪರ. "ನಿಂಗೆ ತಲೆ ಇಲ್ಲ ಕಣೋ" ಎಂದು ಬೈದುಕೊಂಡೇ ಏಳುತ್ತಿದ್ದರು.

೧೯೬೨ರಲ್ಲಿ ಶೇಷಗಿರಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ಊಟದಲ್ಲಿ ಎಲೆಗೆ ಪಾಯಸ ಬೀಳುವಾಗ ಚಕ್ರಪಾಣಿ ತಟ್ಟನೆ ಹೇಳಿದರು: "ಲೂಯಿಸೇ ಗೆಲ್ತಿದ್ದ, ಬಿಡಿ."

ಪಕ್ಕದ ಎಲೆಯವರು ತಿರುಗಿದರು. "ಲೂಯಿಸ್ ಯಾರು ಸಾರ್? ಶೇಷಗಿರಿಯವರ ಆಫೀಸಿನೋರಾ?"

"ಹೂಂ" ಎಂದು ಚಕ್ರಪಾಣಿ ಎಲೆಯ ಮೇಲೆ ತಲೆ ತಗ್ಗಿಸಿದರು.