ಭಾವ ಕೊಟ್ಟ ಫೋನು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ಇದು ನಡೆದದ್ದು ಮೂರು ವರ್ಷದ ಹಿಂದೆ, ಅರೇಬಿಕಾ ಕಾಫಿಯ ಕೊಯ್ಲಿನ ಸಮಯದಲ್ಲಿ. ಡಿಸೆಂಬರ್ ಕೊನೆಯೋ ಜನವರಿಯ ಮೊದಲೋ ಖಚಿತವಿಲ್ಲ. ದಿನಚರಿ ಬರೆಯುವ ಅಭ್ಯಾಸವಿದ್ದರೂ ಆ ವಾರದ ಪುಟಗಳಲ್ಲಿ "ಕೊಯ್ಲು, ಆಳು ಕಡಿಮೆ, ತಲೆನೋವು" ಎಂಬುದಕ್ಕಿಂತ ಹೆಚ್ಚೇನೂ ಇಲ್ಲ. ಆ ದಿನ ಮೋಡ ಕವಿದಿತ್ತು ಎಂದು ನನ್ನ ನೆನಪು. ನನ್ನ ಗಂಡ ರವೀಶ ಮಾತ್ರ ಒಳ್ಳೆಯ ಬಿಸಿಲಿತ್ತು ಎನ್ನುತ್ತಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದ್ದರಿಂದ ಬಂದ ಗುಣವೋ ಏನೋ, ಕಣ್ಣಾರೆ ಕಂಡವರ ಮಾತನ್ನೂ ನಾನು ಪೂರ್ತಿ ನಂಬುವುದಿಲ್ಲ. ನನ್ನ ಮಾತನ್ನಂತೂ ಇನ್ನೂ ಕಡಿಮೆ. ಆದ್ದರಿಂದ ಮೋಡವೋ ಬಿಸಿಲೋ ಎಂಬ ಜಗಳದಲ್ಲಿ ಸೋಲಲು ನಾನು ಸಿದ್ಧಳಿದ್ದೇನೆ. ಉಳಿದದ್ದರಲ್ಲಿ ಇಲ್ಲ.

ನಮ್ಮದು ಗೋಣಿಬೀಡಿನಿಂದ ಸ್ವಲ್ಪ ಒಳಗಿರುವ ಸಣ್ಣ ಎಸ್ಟೇಟ್. ರವೀಶರ ಅಣ್ಣ, ಅಂದರೆ ನನ್ನ ಭಾವ, ಅವರ ಹೆಂಡತಿ, ರವೀಶ, ನಾನು, ಎಲ್ಲರೂ ಒಂದೇ ಮನೆಯಲ್ಲಿದ್ದೇವೆ. ಭಾವನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ತೋಟದ ಯಜಮಾನಿಕೆ ಭಾವನದು. ಹಾಗೆಯೇ ಮನೆಗೆ ಹೊಸ ಫೋನು ಬರುವುದೂ ಅವರ ಕೈಗೇ. ಅವರು ಹೊಸದು ಕೊಂಡಾಗ ಹಳೆಯದು ಒಂದು ಸಲ ಅಕ್ಕನಿಗೆ, ಮುಂದಿನ ಸಲ ನನಗೆ. ಇದನ್ನು ಯಾರೂ ನಿಯಮ ಎಂದು ಹೇಳಿರಲಿಲ್ಲ, ಆದರೆ ಯಾರೂ ಮುರಿದೂ ಇರಲಿಲ್ಲ. ಸರದಿ ಬಂದಾಗ ನಾನು ಖುಷಿಯಿಂದಲೇ ತೆಗೆದುಕೊಂಡೆ.

"ಎಲ್ಲ ಹಾಕಿ ರೆಡಿ ಮಾಡಿ ಕೊಟ್ಟಿದೀನಿ," ಎಂದಿದ್ದರು ಭಾವ. "ಏನೂ ತೆಗೆಯಕ್ಕೆ ಹೋಗ್ಬೇಡ, ತೆಗೆದ್ರೆ ಕೆಟ್ಟು ಕೂತ್ಕೊಳ್ಳುತ್ತೆ. ಸಿಮ್ ಹಾಕ್ಕೊ, ಮಾತಾಡು."

ಒಂದು ವರ್ಷ ಹಾಗೆಯೇ ಬಳಸಿದೆ. ಬರಬರುತ್ತಾ ಫೋನು ಮುದಿ ಎತ್ತಿನಂತಾಯಿತು. ಕ್ಯಾಮೆರಾ ಒತ್ತಿಟ್ಟು ಕಾಫಿ ಸೋಸಿಕೊಂಡು ಬಂದರೆ ಆಗ ತೆರೆಯುತ್ತಿತ್ತು. ಯಾರದೋ ಕರೆ ಬಂದು ರಿಂಗ್ ಆದರೆ, ಹೆಸರು ಕಾಣುವಷ್ಟರಲ್ಲಿ ಕರೆ ನಿಂತಿರುತ್ತಿತ್ತು.

ಅದೇ ವರ್ಷ ನನ್ನ ನೆನಪಿಗೂ ಏನೋ ಆಗುತ್ತಿದೆ ಎಂದು ಮನೆಯವರಿಗೂ ನನಗೂ ಅನ್ನಿಸತೊಡಗಿತ್ತು. ನಾನು ಯಾರಿಗೂ ಹೇಳಿರದ ವಿಷಯಗಳು ಭಾವನಿಗೆ ಗೊತ್ತಿರುತ್ತಿದ್ದವು. ಒಮ್ಮೆ ಮೂಡಿಗೆರೆಗೆ ಹೋಗುತ್ತೇನೆಂದು ಹೊರಟವಳು ಮನಸ್ಸು ಬದಲಿಸಿ ವಸ್ತಾರೆಯಲ್ಲಿರುವ ಗೆಳತಿಯ ಮನೆಗೆ ಹೋಗಿ ಬಂದೆ. ಸಂಜೆ ಭಾವ, "ವಸ್ತಾರೆ ಕಡೆ ರೋಡು ಹೆಂಗಿದೆ ಈಗ?" ಎಂದು ಕೇಳಿದರು.

"ನಾನು ಅಲ್ಲಿಗೆ ಹೋಗಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ಅಯ್ಯೋ, ಬೆಳಿಗ್ಗೆ ನೀನೇ ಹೇಳಿದ್ಯಲ್ಲ ಮಾರಾಯ್ತಿ!"

ಬೆಳಿಗ್ಗೆ ನನಗೇ ಗೊತ್ತಿರಲಿಲ್ಲವಲ್ಲ ಎಂದು ಆಗ ಯೋಚಿಸಬೇಕಿತ್ತು. ಆದರೆ ಅವರು ಹೇಳಿದ ಧಾಟಿ ಎಷ್ಟು ಸಹಜವಾಗಿತ್ತೆಂದರೆ, ಹೊರಡುವ ಮೊದಲೇ ಅಲ್ಲಿಗೆ ಹೋಗುವ ಯೋಚನೆ ನನ್ನಲ್ಲಿತ್ತೇನೋ, ಅದನ್ನು ಬಾಯಿಬಿಟ್ಟು ಹೇಳಿದ್ದೆನೇನೋ ಎಂದುಕೊಂಡೆ. ಹೀಗೆ ಹಲವು ಸಲ ಆಯಿತು. "ಸಾವಿರ ವರ್ಷದ ಹಿಂದಿನ ರಾಜನ ಹೆಸರು ನೆನಪಿರುತ್ತೆ, ನಿನ್ನೆದು ನೆನಪಿರಲ್ಲ ಇವಳಿಗೆ," ಎನ್ನುವುದು ಮನೆಯ ಖಾಯಂ ತಮಾಷೆಯಾಯಿತು. ಪಾಪ ಅಕ್ಕ, ನೆನಪಿಗೆ ಒಳ್ಳೆಯದೆಂದು ಬಚ್ಚಲ ಹಿಂದಿನಿಂದ ಒಂದೆಲಗದ ಸೊಪ್ಪು ಕಿತ್ತು ತಂದು ನನಗೆಂದೇ ತಂಬುಳಿ ಮಾಡತೊಡಗಿದರು. ನಾನೂ ಔಷಧಿ ಕುಡಿಯುವವಳ ಹಾಗೆ ಕಣ್ಣು ಮುಚ್ಚಿ ಕುಡಿಯುತ್ತಿದ್ದೆ.

ಚಿಕ್ಕಮಗಳೂರಿನ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕರು ಬೇಕಾಗಿದ್ದಾರೆ ಎಂದು ವಸ್ತಾರೆಯ ಗೆಳತಿಯೇ ತಿಳಿಸಿದ್ದು. ಕಾಲೇಜಿಗೆ ಬರೆದ ಅರ್ಜಿಯನ್ನೂ ಅಂಕಪಟ್ಟಿಗಳನ್ನೂ ಕಿಟಕಿಯ ಬೆಳಕಿನಲ್ಲಿ ಹರಡಿ, ಫೋನಿನಲ್ಲಿ ಫೋಟೋ ತೆಗೆದು ಕಳಿಸಿದೆ. ಕರೆ ಬಂದ ಮೇಲೆ ಹೇಳೋಣ ಎಂದು ರವೀಶರಿಗೂ ಹೇಳಿರಲಿಲ್ಲ. ವೀಡಿಯೊ ಕರೆಯಲ್ಲಿ ಸಂದರ್ಶನ ಮಾಡುತ್ತೇವೆ ಎಂದು ಉತ್ತರ ಬಂದ ಮರುದಿನ ಇರಬೇಕು, ತಿಂಡಿಗೆ ಕೂತಾಗ ಭಾವ ಕಡುಬು ಮುರಿಯುತ್ತಾ ಹೇಳಿದರು:

"ಚಿಕ್ಕಮಗಳೂರಿಗೆ ದಿನಾ ಹೋಗಿ ಬರೋದು ಅಂದ್ರೆ ಆಟ ಅಲ್ಲ. ಕೊಯ್ಲಿನ ಹೊತ್ತಲ್ಲಿ ಕಾಲೇಜು ಅಂತ ನೀನು ಹೋದ್ರೆ ಇಲ್ಲಿ ಅಕ್ಕ ಒಬ್ಳೇ ಏನ್ ಮಾಡ್ತಾಳೆ?"

ನನ್ನ ಕೈ ತಟ್ಟೆಯಲ್ಲೇ ನಿಂತಿತು. "ಕಾಲೇಜಿನ ವಿಷಯ ನಿಮಗೆ ಯಾರು ಹೇಳಿದ್ರು ಭಾವ?"

"ನೀನೇ! ಮೊನ್ನೆ ಕಣದ ಹತ್ರ ಬಂದು ಹೇಳಿದ್ಯಲ್ಲ. ಅದೂ ಮರ್ತುಹೋಯ್ತಾ?"

ರವೀಶ ನನ್ನ ಮುಖ ನೋಡಿದರು. "ನನಗೆ ಹೇಳ್ದೆ ಅಣ್ಣಂಗೆ ಹೇಳಿದ್ಯಾ?"

ಹೇಳಿಲ್ಲ ಎಂದು ಬಾಯಿಗೆ ಬಂತು, ಆದರೆ ಹೇಳಿಲ್ಲ ಎನ್ನುವುದಕ್ಕೆ ನನ್ನ ನೆನಪಲ್ಲದೆ ಬೇರೆ ಸಾಕ್ಷಿ ಇರಲಿಲ್ಲ, ಆ ಸಾಕ್ಷಿಗೆ ಆಗಲೇ ಮನೆಯಲ್ಲಿ ಬೆಲೆ ಇರಲಿಲ್ಲ. ಆ ದಿನವೆಲ್ಲ ಒಂದೇ ಯೋಚನೆ. ಮೊನ್ನೆ ಆಡಿದ ಮಾತು ನೆನಪಿಲ್ಲದವಳು ಐವತ್ತು ಅರವತ್ತು ಮಕ್ಕಳೆದುರು ನಿಂತು ಏನು ಪಾಠ ಮಾಡಿಯೇನು? ಸಂದರ್ಶನಕ್ಕೆ ಬರುವುದಿಲ್ಲ ಎಂದು ತಿಳಿಸಿಬಿಡೋಣ ಎನ್ನುವಲ್ಲಿಗೆ ಬಂದಿದ್ದೆ.

ತಡೆದದ್ದು ಗೆಳತಿ. "ಸುಮ್ನಿರು, ಒಂದ್ಸಲ ನನ್ ಜೊತೆ ವೀಡಿಯೊದಲ್ಲಿ ಮಾತಾಡಿ ನೋಡು," ಎಂದಳು. ಮಾತಾಡಿ ನೋಡಿದೆ. ಫೋನಿನಲ್ಲಿ ಅವಳ ಮುಖ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತು. ಮೂರು ಸಲವೂ ಅದೇ ಕತೆ.

ಅದನ್ನು ಕಂಡ ಭಾವ ಕೈ ಚಾಚಿದರು. "ಇಲ್ಲಿ ಕೊಡು. ಒಂದು ಆ್ಯಪ್ ಇದೆ, ಹಾಕಿದ್ರೆ ಕುದುರೆ ಹಾಗೆ ಓಡುತ್ತೆ. ಇಲ್ಲಾಂದ್ರೆ ಯುಗಾದಿ ತನಕ ತಡ್ಕೊ, ಅಕ್ಕನ ಸರದಿ ಆದ್ರೂ ನನ್ ಫೋನು ಈ ಸಲ ನಿನಗೇ ಕೊಡ್ತೀನಿ."

ಯುಗಾದಿಗೆ ಆ ಹುದ್ದೆ ಯಾರದೋ ಆಗಿರುತ್ತಿತ್ತು. "ಬೇಡ ಭಾವ, ನಾನೇ ಸರಿ ಮಾಡ್ಕೊಳ್ತೀನಿ," ಎಂದೆ.

"ನೀನಾ? ನೀನು ಹಾಕಿದ ಪಾಸ್‌ವರ್ಡೇ ನಿನಗೆ ನೆನಪಿರಲ್ಲ!"

ಆ ನಗುವಿಗೆ ನನಗೆ ಹಟ ಬಂತು. ಇನ್ನೊಂದು ಆ್ಯಪ್ ಹಾಕುವುದಿಲ್ಲ, ಯಾರ ಕೈಗೂ ಕೊಡುವುದಿಲ್ಲ, ಇದರೊಳಗೆ ಇರುವುದರಿಂದಲೇ ಇದನ್ನು ಓಡಿಸುತ್ತೇನೆ ಎಂದು ನಿರ್ಧರಿಸಿದೆ.

ಮಧ್ಯಾಹ್ನ ಊಟವಾದ ಮೇಲೆ ಕಣದ ಅಂಚಿನ ಮೆಟ್ಟಿಲ ಮೇಲೆ ಕೂತೆ. ನಮ್ಮಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಅಲ್ಲಿ ಮಾತ್ರ. ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಪಲ್ಪರಿನಲ್ಲಿ ಸಿಪ್ಪೆ ತೆಗೆದ ಕಾಫಿ, ಒಣಗುತ್ತಿತ್ತು. ಮೊದಲು ಫೋನನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದೆ. ತಿಂಗಳುಗಟ್ಟಲೆ ಆ ಕೆಲಸ ಮಾಡಿರಲಿಲ್ಲ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಜಾಗವೆಲ್ಲ ಯಾವುದು ತಿಂದಿದೆ ಎಂದು ನೋಡಿದೆ. ವಾಟ್ಸಾಪ್ ಗುಂಪುಗಳಲ್ಲಿ ಬಂದ ಶುಭೋದಯದ ಗುಲಾಬಿ ಹೂಗಳು ಒಂದು ತೋಟಕ್ಕಾಗುವಷ್ಟಿದ್ದವು. ಅಳಿಸಿ, ಇನ್ನು ಮುಂದೆ ತಾನಾಗಿ ಇಳಿಯದಂತೆ ಮಾಡಿದೆ. ನಾನು ಯಾವತ್ತೂ ತೆರೆಯದ ಕ್ರಿಕೆಟ್ ಆಟ, ಜಾತಕ ನೋಡುವುದು, ಎಲ್ಲ ಹೋದವು. ಫೋನನ್ನು ಚುರುಕುಗೊಳಿಸುತ್ತೇವೆ ಎನ್ನುವ ಆ್ಯಪ್‌ಗಳೇ ಎರಡಿದ್ದವು, ಭಾವ ಹಾಕಿದ್ದಿರಬೇಕು. ಮನೆ ಗುಡಿಸಲು ಬಂದವರು ಅಲ್ಲೇ ಬಿಡಾರ ಹೂಡಿದ ಹಾಗೆ ಹಗಲೂ ರಾತ್ರಿ ಅವು ಓಡುತ್ತಿದ್ದವು. ಅವನ್ನೂ ಕಿತ್ತೆ. ಹಿನ್ನೆಲೆಯಲ್ಲಿ ಸದಾ ಸುರಿಯುತ್ತಿದ್ದ ಜಲಪಾತದ ಚಿತ್ರ ತೆಗೆದು ಬರೀ ಕಪ್ಪು ಇಟ್ಟೆ. ಆ್ಯಪ್‌ಗಳು ಕೂಡಿಟ್ಟ ಕ್ಯಾಷ್ ಖಾಲಿ ಮಾಡಿದೆ. ಫೋನಿನ ವಿವರವಿರುವ ಪುಟದಲ್ಲಿ ಬಿಲ್ಡ್ ನಂಬರನ್ನು ಮತ್ತೆ ಮತ್ತೆ ಒತ್ತುತ್ತಿದ್ದರೆ ಮರೆಯಾಗಿರುವ ಕೆಲವು ಆಯ್ಕೆಗಳು ತೆರೆಯುತ್ತವೆ ಎಂದು ಗೆಳತಿ ಹೇಳಿದ್ದಳು. ಅಳುಕಿನಿಂದಲೇ ಒತ್ತಿ, ಪುಟಗಳು ಜಾರುವ ಅನಿಮೇಷನ್ನನ್ನು ಅರ್ಧಕ್ಕೆ ಇಳಿಸಿದೆ. ಬೇರೇನನ್ನೂ ಮುಟ್ಟಲಿಲ್ಲ. ಫೋನು ನಿಜಕ್ಕೂ ಚುರುಕಾಯಿತು.

ಆದರೂ ನಡುನಡುವೆ ತಡೆಯುತ್ತಿತ್ತು. ಬ್ಯಾಟರಿಯನ್ನು ಹೆಚ್ಚು ಬಳಸುತ್ತಿರುವುದು ಯಾವುದು ಎಂದು ನೋಡಿದರೆ, ಫೋಟೋ ಇಡುವ ಆ್ಯಪ್. ಅರೆಬರೆ ಸಿಗ್ನಲ್ಲಿನಲ್ಲಿ ಅದು ಫೋಟೋಗಳನ್ನು ಎಲ್ಲಿಗೋ ಕಳಿಸಲು ಇಡೀ ದಿನ ಒದ್ದಾಡುತ್ತಿತ್ತು. ಒಳಗೆ ಹೋದೆ. "ಬ್ಯಾಕಪ್ ಆಗುತ್ತಿದೆ" ಎಂದಿತ್ತು. ಅದರ ಕೆಳಗಿದ್ದ ಇಮೇಲ್ ವಿಳಾಸ ನನ್ನದಲ್ಲ. ಪಕ್ಕದ ಪುಟ್ಟ ವೃತ್ತದಲ್ಲಿ ದೇವರಮನೆ ಗುಡ್ಡದ ಮೇಲೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತಿದ್ದ ಭಾವ ಇದ್ದರು.

ಫೋನಿನ ಅಕೌಂಟುಗಳನ್ನು ತೆರೆದೆ. ಮೊದಲನೆಯದು ಅವರದು, ಎರಡನೆಯದು ನನ್ನದು. ನಾನು ತೆಗೆದ ಪ್ರತಿಯೊಂದು ಫೋಟೋ ಅವರ ಅಕೌಂಟಿಗೆ ಹೋಗುತ್ತಿತ್ತು. ಫೋನು ಎಲ್ಲಿದೆ ಎಂದು ಹುಡುಕಿ ತೋರಿಸುವ ಅನುಮತಿಯೂ ಅವರ ಹೆಸರಿಗೇ ಇತ್ತು. ಅಂದರೆ ವಸ್ತಾರೆ. ಅಂದರೆ ಕಿಟಕಿಯ ಬಳಿ ಹರಡಿದ ಅರ್ಜಿ, ಅಂಕಪಟ್ಟಿಗಳು.

ಮೊದಲು ಬಂದದ್ದು ಸಿಟ್ಟು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಿಜವಾಗಿ ಬಂದದ್ದು ನಗು. ನಾನು ಹೇಳಿರಲಿಲ್ಲ. ಮರೆತಿರಲೂ ಇಲ್ಲ. ಜೋರಾಗಿಯೇ ನಕ್ಕಿರಬೇಕು, ಕಣದಲ್ಲಿ ಕಾಫಿ ತಿರುವುತ್ತಿದ್ದ ಹೆಂಗಸು ಕೆಲಸ ನಿಲ್ಲಿಸಿ, "ಏನಮ್ಮಾ, ಒಬ್ರೇ ನಗ್ತಿದೀರಿ?" ಎಂದಳು. "ತಲೆ ಸರಿಯಾಗಿದೆ ಅಂತ ಗೊತ್ತಾಯ್ತು ಕಣೇ," ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಸಿಟ್ಟು ಆಮೇಲೆ ಬಂತು, ಅಕೌಂಟನ್ನು ತೆಗೆದುಹಾಕುವ ಬಟನ್ ಒತ್ತುವಾಗ. ಅದರೊಂದಿಗೆ ಎಷ್ಟೋ ನಂಬರುಗಳು ಹೋದವು, ಹೋಗಲಿ ಎಂದು ಬಿಟ್ಟೆ.

ಸಂಜೆ ಭಾವ ಕಣಕ್ಕೆ ಬಂದು, ಒಂದು ಬೀಜ ಎತ್ತಿ ಹಲ್ಲಿನಲ್ಲಿ ಕಚ್ಚಿ ಒಣಗಿದೆಯೇ ಎಂದು ನೋಡುತ್ತಿದ್ದರು. ರವೀಶರೂ ಇದ್ದರು, ಅಕ್ಕ ಕಾಫಿ ತಂದಿದ್ದರು. ನಾನು ಎಲ್ಲರೆದುರಿಗೇ ಹೇಳಿದೆ: "ಭಾವ, ಫೋನಿಂದ ನಿಮ್ಮ ಅಕೌಂಟ್ ತೆಗೆದೆ."

"ಏನೂ ತೆಗೀಬೇಡ ಅಂದಿದ್ನಲ್ಲ?"

"ಒಂದು ವರ್ಷದಿಂದ ನನ್ನ ಫೋಟೋ ಎಲ್ಲ ನಿಮಗೆ ಬರ್ತಿತ್ತು. ನಾನು ಎಲ್ಲಿದೀನಿ ಅಂತ ನಿಮಗೆ ಕಾಣ್ತಿತ್ತು."

"ಬರ್ತಿತ್ತೇನೋ. ಅದನ್ನೇ ನೋಡ್ಕೊಂಡು ಕೂತಿರಕ್ಕೆ ನನಗೇನು ಕೆಲ್ಸ ಇಲ್ವಾ? ಮನೆಯವ್ರದ್ದು ಮನೆಯವ್ರಿಗೆ ಬಂದ್ರೆ ಅದೇನು ಕಳ್ಳತನಾನಾ?"

"ಬಿಡು ಸ್ಮಿತಾ, ಬೇಕಂತ ಮಾಡಿರಲ್ಲ," ಎಂದರು ರವೀಶ.

"ಬೇಕಂತ ಮಾಡಿಲ್ಲ ಅಂತ ಅವರೇ ಹೇಳ್ಲಿ," ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಕಾಲೇಜಿನ ವಿಷಯ ನಾನು ನಿಮಗೆ ಹೇಳಿರಲಿಲ್ಲ. ಇವರಿಗೂ ಹೇಳಿರಲಿಲ್ಲ. ನೀವು ನೋಡಿದ್ದು."

ಭಾವ ಆಕಾಶದ ಕಡೆ ಮುಖ ಎತ್ತಿ, "ಮೋಡ ಹಾಕ್ತಿದೆ, ಟಾರ್ಪಾಲು ಎಳೀರ್ರೋ!" ಎಂದು ಆಳುಗಳನ್ನು ಕೂಗುತ್ತಾ ಕಣದ ಆ ತುದಿಗೆ ಹೋದರು. ಅಂದು ನಿಜಕ್ಕೂ ಮೋಡವಿತ್ತೋ, ಅವರು ಹಾಗೆಂದದ್ದರಿಂದ ನನಗೆ ಮೋಡ ನೆನಪಿರುವುದೋ, ಈಗ ಹೇಳಲಾರೆ.

ಅದೇ ಮೆಟ್ಟಿಲ ಮೇಲೆ, ಅದೇ ಫೋನಿನಲ್ಲಿ ಸಂದರ್ಶನ ಕೊಟ್ಟೆ. ಒಂದು ಸಲವೂ ನಿಲ್ಲಲಿಲ್ಲ. ಆಯ್ಕೆಯಾದೆನೆಂದು ತಿಳಿದಾಗ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ, ಸೋಮವಾರದಿಂದ ಹೋಗುತ್ತೇನೆ ಎಂದೆ, ಅಷ್ಟೆ. ರವೀಶ ಎರಡು ದಿನ ಬಿಗುಮಾನದಲ್ಲಿದ್ದು ಮೂರನೆಯ ದಿನ ತಾವೇ ಬಸ್ಸಿನ ಸಮಯ ವಿಚಾರಿಸಿಕೊಂಡು ಬಂದರು.

ಅಕ್ಕ ಆ ಜಗಳದ ಬಗ್ಗೆ ಒಂದು ಮಾತೂ ಆಡಲಿಲ್ಲ. ತಂಬುಳಿ ಮಾಡುವುದನ್ನು ಮಾತ್ರ ನಿಲ್ಲಿಸಿದರು. ಒಂದು ದಿನ ನಾನು ಹೊರಡುವ ಗಡಿಬಿಡಿಯಲ್ಲಿದ್ದಾಗ ಅಡುಗೆಮನೆಯಿಂದ ಬಂದು, ಸೆರಗಿನಲ್ಲಿ ಒರೆಸಿದ ತಮ್ಮ ಫೋನನ್ನು ನನ್ನ ಕೈಗಿಟ್ಟರು.

"ಇದೂ ಯಾಕೋ ನಿಧಾನ ಕಣೇ," ಎಂದರು. "ನಿಂದ್ ಮಾಡಿದ್ಯಲ್ಲ, ಹಾಗೇ ಮಾಡ್ಕೊಡು. ಅವರಿಗೆ ಕೇಳೋದೇನೂ ಬೇಡ."

ಬಸ್ಸು ತಪ್ಪಿದರೂ ಪರವಾಗಿಲ್ಲ ಎಂದು ಅಲ್ಲೇ ಕೂತು ಮಾಡಿಕೊಟ್ಟೆ.

ಯುಗಾದಿಗೆ ಭಾವ ಹೊಸ ಫೋನು ತಂದರು. ಹಳೆಯದನ್ನು ನನ್ನ ಮುಂದಿಟ್ಟು, "ಎಲ್ಲ ಕ್ಲೀನ್ ಮಾಡಿದೀನಿ, ಬೇಕಾದ್ರೆ ನೋಡ್ಕೊ," ಎಂದರು. ಅವರ ಮಟ್ಟಿಗೆ ಅದು ದೊಡ್ಡ ಮಾತು, ನನಗೆ ಗೊತ್ತು. ಅವರು ಕೆಟ್ಟವರೆಂದು ನಾನು ಇವತ್ತಿಗೂ ಹೇಳಲಾರೆ. ಮಳೆ ಜೋರಿದ್ದ ದಿನ ಕಾಲೇಜಿನಿಂದ ಕರೆತರಲು ಜೀಪು ಹಿಡಿದು ಬಂದವರೂ ಅವರೇ. ಆದರೆ ಆ ಫೋನನ್ನು ನಾನು ಮುಟ್ಟಲಿಲ್ಲ. ನನ್ನದು ಚೆನ್ನಾಗೇ ಓಡ್ತಿದೆ ಎಂದೆ. ಅಂದಿನಿಂದ ಕೇಳದೆ ಉಳಿದಿದ್ದ ಒಂದು ಪ್ರಶ್ನೆಯನ್ನು ಆಗ ಕೇಳಿದೆ. ಅವರು ಫೋನನ್ನು ಎತ್ತಿ ಜೇಬಿಗಿಟ್ಟುಕೊಂಡು ತೋಟದ ಕಡೆ ನಡೆದರು.

ಈಗಲೂ ನಾವು ಒಟ್ಟಿಗೇ ಉಣ್ಣುತ್ತೇವೆ, ಮಾತಾಡುತ್ತೇವೆ. ಕಾಲೇಜಿನ ವಿಷಯವನ್ನೂ ಅವರು ವಿಚಾರಿಸುತ್ತಾರೆ. "ನೀನೇ ಹೇಳಿದ್ದೆ" ಎಂದು ಯಾರಾದರೂ ಅಂದರೆ ನಾನು ಮಾತ್ರ ಮೊದಲಿನಂತೆ ತಲೆಯಾಡಿಸುವುದಿಲ್ಲ, ಯಾವಾಗ, ಎಲ್ಲಿ ಎಂದು ಕೇಳುತ್ತೇನೆ. ಯುಗಾದಿಯ ದಿನ ನಾನು ಕೇಳಿದ್ದಕ್ಕೆ ಮಾತ್ರ ಭಾವ ಇನ್ನೂ ಉತ್ತರ ಕೊಟ್ಟಿಲ್ಲ.

"ನೋಡಿದ್ದು ಹೋಗ್ಲಿ ಭಾವ. ನಾನೇ ಹೇಳಿದ್ದು, ನಾನೇ ಮರೆತದ್ದು ಅಂತ ಯಾಕೆ ನಂಬಿಸಿದ್ರಿ?"