ಅತ್ತೆ ತಂದ ಎರಡು ನಾಯಿಮರಿ

ನಮ್ಮ ಅತ್ತೆಗೆ ಯಾರಾದರೂ ಬುದ್ಧಿ ಹೇಳಿದರೆ, ಕೊನೆಯ ಮಾತಿನವರೆಗೂ ತಲೆಯಾಡಿಸುತ್ತಾ ಕೇಳುತ್ತಾರೆ. ಆಮೇಲೆ ತಮಗೆ ತೋಚಿದ್ದನ್ನೇ ಮಾಡುತ್ತಾರೆ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಆ ತಲೆಯಾಟಕ್ಕೆ ಮೋಸಹೋಗಿದ್ದೆ. ಈಗ ಹೋಗುವುದಿಲ್ಲ.

ಅತ್ತೆಯದು ಕುರಿ ಕಾಯುವ ಕೆಲಸ. ಮಾವ ತೀರಿಕೊಂಡ ಮೇಲೂ ಬಿಡಲಿಲ್ಲ, ಮೊಣಕಾಲು ನೋವು ಹತ್ತಿಕೊಂಡ ಮೇಲೂ ಬಿಡಲಿಲ್ಲ. ಮನೆಯ ಹಿಂದೆ ಕಲ್ಲುಗೋಡೆಯ ದೊಡ್ಡಿ, ಅದರಾಚೆ ಗುಡ್ಡ, ಗುಡ್ಡದ ಮೇಲೆ ಹುಲ್ಲು, ಹುಲ್ಲಿನಾಚೆಯ ಪೊದೆಗಳಲ್ಲಿ ತೋಳ. ಇಷ್ಟು ವರ್ಷ ಆ ತೋಳವನ್ನು ದೂರ ಇಟ್ಟಿದ್ದು ನಮ್ಮ ಕಾವಲು ನಾಯಿ. ವಯಸ್ಸಾಗಿದ್ದರಿಂದ ಅವನನ್ನು ಎಲ್ಲರೂ ಅಜ್ಜ ಅನ್ನುತ್ತಿದ್ದೆವು. ಅಜ್ಜನಿಗೆ ಕಿವಿ ಮಂದವಾಗಿತ್ತು. ಒಂದು ಚಳಿಗಾಲದಲ್ಲಿ ಅವನು ಹಾಯಾಗಿ ಗೊರಕೆ ಹೊಡೆಯುತ್ತಿದ್ದಾಗಲೇ ತೋಳ ಬಂದು ಎರಡು ಕುರಿಮರಿಗಳನ್ನು ಹೊತ್ತುಕೊಂಡು ಹೋಯಿತು.

ನಮ್ಮ ಯಜಮಾನರಿಗೆ ಪೇಟೆಯಲ್ಲಿ ಟೈರ್ ಅಂಗಡಿ. ಅವರ ಲೆಕ್ಕವೆಲ್ಲ ಪಂಕ್ಚರ್ ಹಾಕುವಷ್ಟೇ ಬೇಗ ಮುಗಿಯುತ್ತದೆ.

"ಅಮ್ಮ, ಇನ್ನೊಂದು ಸಲ ಹೀಗಾದ್ರೆ ಕುರಿ ಮಾರಿಬಿಡೋಣ. ನಾಯಿ ಕೈಲೂ ಆಗಲ್ಲ, ನಿನ್ನ ಕೈಲೂ ಆಗಲ್ಲ" ಎಂದರು.

ಅತ್ತೆ ತಲೆಯಾಡಿಸಿದರು. ಆದರೆ ಅವತ್ತು ತಮ್ಮ ತಟ್ಟೆಯ ಊಟವನ್ನು ಅಜ್ಜನಿಗೆ ಹಾಕಿ ಎದ್ದುಬಿಟ್ಟರು. ಕುರಿ ಹೋದರೆ ಈ ಹೆಂಗಸು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಅನ್ನಿಸಿತು ನನಗೆ.

ಹಾಲಿನ ಲಾರಿಯ ಡ್ರೈವರ್ ಮನೆಯಲ್ಲಿ ಕಾವಲು ತಳಿಯ ನಾಯಿ ಮರಿ ಹಾಕಿತ್ತು. ಎಷ್ಟು ಮರಿ ತರುವುದು ಎಂಬ ವಿಷಯಕ್ಕೆ ಎಲ್ಲರೂ ಮೂಗು ತೂರಿಸಿದರು. ಇರುವ ಮೂರನ್ನೂ ಒಯ್ಯಿರಿ ಎಂದು ಡ್ರೈವರ್ ಹೇಳಿದ. ಅವನಿಗೆ ಮನೆ ಖಾಲಿಯಾದರೆ ಸಾಕಿತ್ತು. ದನದ ಡಾಕ್ಟರು ಮಾತ್ರ ಕೂತು ಬಿಡಿಸಿ ಹೇಳಿದರು. "ಒಂದೇ ಸಾಕಿ, ಅಮ್ಮ. ಒಡಹುಟ್ಟಿದ ಎರಡನ್ನ ಒಟ್ಟಿಗೆ ಬೆಳೆಸಿದ್ರೆ ಅವು ಒಂದಕ್ಕೊಂದು ಅಂಟಿಕೊಳ್ತವೆ, ಕುರಿಗೆ ಅಂಟಿಕೊಳ್ಳಲ್ಲ. ಕುರೀನ ತನ್ನವರು ಅಂದ್ಕೊಂಡ್ರೆ ತಾನೇ ಕಾಯೋದು?"

ಅತ್ತೆ ತಲೆಯಾಡಿಸುತ್ತಾ ಕೇಳಿದರು. ಎರಡು ಬರುತ್ತವೆ ಎಂದು ನನಗೆ ಆಗಲೇ ಗೊತ್ತಾಯಿತು. ಸಂಜೆ ಕಂಕುಳಿಗೊಂದರಂತೆ ಎರಡು ಹೆಣ್ಣುಮರಿಗಳನ್ನು ಇರುಕಿಕೊಂಡು ಬಂದರು. ಬೂದು ಬಣ್ಣದ್ದು ಬೂದಿ, ಬಿಳಿಯದು ಬೆಣ್ಣೆ.

"ಡಾಕ್ಟರು ಒಂದು ಅಂದಿದ್ರಲ್ಲ, ಅತ್ತೆ?"

"ಒಂಟಿ ಮರಿ ಅಳುತ್ತೆ ಕಣೆ. ಒಂದನ್ನೇ ಸಾಕಿ ನೋಡಿದೀನಲ್ಲ" ಎಂದು ಯಜಮಾನರ ಕಡೆ ಕೈ ತೋರಿಸಿದರು.

ನಾನು ನಕ್ಕೆ. ಯಜಮಾನರು ಮುಖ ಗಂಟು ಹಾಕಿಕೊಂಡರು. ಅತ್ತೆ ನಗಲಿಲ್ಲ. "ನಾನು ಗುಡ್ಡದ ಮೇಲಿರ್ತಿದ್ದೆ. ಇವನು ಗೋಡೆ ಜೊತೆ ಮಾತಾಡ್ಕೊಂಡು ಬೆಳೆದ" ಎಂದರು. ಆಮೇಲೆ ಮರಿಗಳ ಲೆಕ್ಕ ಯಾರೂ ಎತ್ತಲಿಲ್ಲ.

ಮರಿಗಳು ಅಳಲಿಲ್ಲ, ಅದೇ ತೊಂದರೆಯಾಯಿತು. ದೊಡ್ಡಿಯ ಈ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಮಲಗುತ್ತಿದ್ದವು. ಕುರಿಗಳು ಆ ಮೂಲೆಯಲ್ಲಿ. ಕುರಿ ಎಂದರೆ ಅವಕ್ಕೆ ಆಟದ ಸಾಮಾನು. ಸ್ವಲ್ಪ ಬಲಿಯುತ್ತಲೇ ಒಂದು ಕುರಿಮರಿಯನ್ನು ಹಿಡಿದು ಆ ಕಡೆಯಿಂದೊಂದು, ಈ ಕಡೆಯಿಂದೊಂದು ಎಳೆದಾಡಿ ಅದರ ಕಿವಿ ಹರಿದವು.

"ತೋಳ ಹೊರಗಿಂದ ಬರ್ತಿತ್ತು. ಈಗ ಒಳಗೇ ಸಾಕಿದೀಯ" ಎಂದರು ಯಜಮಾನರು.

ಅತ್ತೆ ಹರಿದ ಕಿವಿಗೆ ಔಷಧಿ ಹಚ್ಚುತ್ತಾ, "ಡಾಕ್ಟರು ಹೇಳಿದ್ದೇ ಸರಿ, ತಪ್ಪು ನಂದು" ಎಂದರು. ಅವರ ಬಾಯಿಂದ ಅಂಥ ಮಾತು ಕೇಳಬೇಕೆಂದು ಎಷ್ಟೋ ಸಲ ಆಸೆಪಟ್ಟವಳು ನಾನು. ಕೇಳಿದಾಗ ಖುಷಿಯಾಗಲಿಲ್ಲ, ನೋವಾಯಿತು.

ಒಂದನ್ನು ವಾಪಸ್ಸು ಕೊಡುವುದೆಂದಾಯಿತು. ಡ್ರೈವರ್ ಬಂದು ಗೇಟಿನಲ್ಲಿ ನಿಂತ. ಅತ್ತೆ ಬೂದಿಯನ್ನು ಎತ್ತಿಕೊಂಡರು, ಇಳಿಸಿದರು. ಬೆಣ್ಣೆಯನ್ನು ಎತ್ತಿಕೊಂಡರು, ಇಳಿಸಿದರು. "ಎರಡನ್ನೂ ಇಟ್ಕೋಬಹುದು. ಬೇರೆ ಬೇರೆ ಕುರಿ ಜೊತೆ ಬಿಟ್ಟು, ಬೇರೆ ಬೇರೆ ದಾರೀಲಿ ಕರ್ಕೊಂಡು ಹೋಗ್ಬೇಕು. ಆದ್ರೆ ಅದಕ್ಕೆ ಇಬ್ಬರು ಬೇಕಲ್ಲ" ಎಂದು ಗೋಡೆ ನೋಡಿಕೊಂಡು ಹೇಳಿದರು. ನನ್ನ ಕಡೆ ತಿರುಗಲಿಲ್ಲ. ಅತ್ತೆ ಸಹಾಯ ಕೇಳುವ ರೀತಿಯೇ ಅದು.

ನಾನು ಹೊಲಿಗೆ ಕೆಲಸದವಳು. ಕುರಿ ಎಂದರೆ ನನಗೆ ಅಷ್ಟಕ್ಕಷ್ಟೆ. ಬಟ್ಟೆಗೆಲ್ಲ ವಾಸನೆ ಹತ್ತುತ್ತದೆ. ಆದರೂ "ಬೂದಿ ನನಗಿರಲಿ" ಎಂದು ಬಾಯಿ ಬಿಟ್ಟುಬಿಟ್ಟೆ. ಡ್ರೈವರ್ ಬಂದ ದಾರಿಗೆ ಸುಂಕವಿಲ್ಲದವನಂತೆ ಹೊರಟುಹೋದ.

ದೊಡ್ಡಿಯ ನಡುವೆ ಬಿದಿರಿನ ತಡಿಕೆ ಎದ್ದಿತು. ಬೆಣ್ಣೆಗೆ ಆ ಕಡೆ ಅಜ್ಜನ ಕಾವಲು. ಆಟಕ್ಕೆ ಇಳಿದರೆ ಗುರ್ ಅಂದು ಬುದ್ಧಿ ಕಲಿಸುತ್ತಿದ್ದ. ಈ ಕಡೆ ಬೂದಿ ಊರು ಒಂದಾಗುವ ಹಾಗೆ ಅಳುತ್ತಿತ್ತು. ನಾನು ಮಡಿಲಿಗೆ ಎಳೆದುಕೊಂಡೆ.

"ಅಲ್ಲಲ್ಲ, ಕುರಿ ಹತ್ರ ಕೂತ್ಕೋ. ಮಡಿಲಲ್ಲಿ ಬೆಳೆದ್ರೆ ನಿನ್ನ ನಾಯಿ ಆಗುತ್ತೆ, ಕುರಿ ನಾಯಿ ಆಗಲ್ಲ" ಎಂದರು ಅತ್ತೆ.

ಹಾಗಾಗಿ ಒಂದು ಮುದಿ ಕುರಿಗೆ ಒರಗಿಕೊಂಡು ಗಿರಾಕಿಗಳ ಬಟ್ಟೆಗೆ ಗುಂಡಿ ಹೊಲಿಯತೊಡಗಿದೆ. ಬೂದಿ ನನ್ನನ್ನು ಹುಡುಕಿಕೊಂಡು ಬರುತ್ತಿತ್ತು, ಕುರಿ ಕಾಲಲ್ಲಿ ಒದ್ದು ಓಡಿಸುತ್ತಿತ್ತು. ಬರಬರುತ್ತಾ ಒದೆಯುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ನೋಡಿದರೆ ಬೂದಿ ನನ್ನನ್ನು ದಾಟಿಹೋಗಿ, ಆ ಕುರಿಯ ಕುತ್ತಿಗೆಯ ಮೇಲೆ ತಲೆಯಿಟ್ಟು ನಿದ್ದೆಹೋಗಿತ್ತು. ನನಗೆ ಅಳು ಬಂತು. ಅವತ್ತು ಒಂದು ಅಂಗಿಗೆ ಗುಂಡಿಗಳೆಲ್ಲ ಒಳಮೈಗೆ ಬಿದ್ದವು.

ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ, ಮಂಜು ಕವಿದಿತ್ತು. ಅತ್ತೆ ಬೆಣ್ಣೆಯ ಜೊತೆ ಆ ಇಳಿಜಾರಿನಲ್ಲಿ, ನಾನು ಬೂದಿಯ ಜೊತೆ ಈ ಇಳಿಜಾರಿನಲ್ಲಿ. ಇದ್ದಕ್ಕಿದ್ದಂತೆ ಕುರಿಗಳೆಲ್ಲ ಬೂದಿಯ ಹಿಂದೆ ಒತ್ತರಿಸಿ ನಿಂತವು. ಪೊದೆ ಅಲುಗಾಡಿತು. ಬೂದಿ ಬೊಗಳಿತು, ಆಚೆಯಿಂದ ಬೆಣ್ಣೆಯ ಉತ್ತರ ಬಂತು. ನಾನು ಹೆದರಿದ್ದು ಆಗ. ಒಡಹುಟ್ಟಿದವಳ ದನಿ ಕೇಳಿ ಇದು ಓಡಿಹೋದರೆ ನನ್ನ ಕುರಿಗಳ ಗತಿಯೇನು? ಬೂದಿಯ ಕಿವಿ ಆ ಕಡೆ ತಿರುಗಿತು. ಕಾಲು ಕದಲಲಿಲ್ಲ. ಪೊದೆಯಲ್ಲಿದ್ದದ್ದು ಕಾಲಿಗೆ ಬುದ್ಧಿ ಹೇಳಿತು. ಕೆಳಗೆ ಬಂದು ಎಣಿಸಿದರೆ ಎರಡು ಕಡೆಯೂ ಒಂದೇ ಒಂದು ಕುರಿಯೂ ಕಡಿಮೆ ಇರಲಿಲ್ಲ.

ಕುರಿ ಮಾರುವ ಮಾತು ಅಲ್ಲಿಗೆ ನಿಂತಿತು. ಅಜ್ಜ ಈಗ ಒಲೆಯ ಪಕ್ಕದಿಂದ ಏಳುವುದೇ ಇಲ್ಲ. ಮೊನ್ನೆ ಡ್ರೈವರ್ ಮನೆಯಲ್ಲಿ ಮತ್ತೆ ಮರಿಗಳಾದ ಸುದ್ದಿ ತಂದವರು ಯಜಮಾನರೇ. "ಈ ಸಲ ಎಷ್ಟು ತರೋಣ, ಅಮ್ಮ?"

"ನೀನು ದಿನಾ ಬೆಳಿಗ್ಗೆ ದೊಡ್ಡಿಗೆ ಬರೋದಾದ್ರೆ ಒಂದು. ಇಲ್ಲಾಂದ್ರೆ ಬೇಡ."

ಯಜಮಾನರು ತಲೆಯಾಡಿಸಿದರು. ಆ ತಲೆಯಾಟ ಯಾರಿಂದ ಬಂದದ್ದೆಂದು ನನಗೆ ಗೊತ್ತು, ಹಾಗಾಗಿ ನಂಬಲಿಲ್ಲ. ಮರಿ ಬಂದ ಮರುದಿನ ಎದ್ದು ನೋಡಿದರೆ ಬಾಗಿಲಲ್ಲಿ ಅವರ ಚಪ್ಪಲಿ ಇರಲಿಲ್ಲ. ದೊಡ್ಡಿಯ ಕಡೆಯಿಂದ ಅತ್ತೆಯ ದನಿ ಕೇಳಿಸಿತು.

"ಅಲ್ಲಲ್ಲ ಮಗನೇ, ಕುರಿ ಹತ್ರ ಕೂತ್ಕೋ. ಇಲ್ಲಿ, ನನ್ನ ಪಕ್ಕ."