ಓದಿಸೇ ಹುರದೇನಪಾ

"ಓದಿಸೇ ಹುರದೇನಪಾ. ಸುಮ್ಮ ಹುರದಿಲ್ಲ."

ನನ್ನ ತಂಗಿಯ ಅತ್ತೆ ಈ ಮಾತು ಹೇಳುವಾಗ ಆಕೆಯ ತೊಡೆಯ ಮೇಲೆ ಮೊಮ್ಮಗಳು ನೀಲಾ ಬಿದ್ದುಕೊಂಡಿದ್ದಳು. ಇನ್ನೂ ಸಾಲಿ ಮೆಟ್ಟಿಲು ಹತ್ತದ ಕೂಸು. ವಾಂತಿ ಮಾಡಿ ಮಾಡಿ ಕತ್ತು ನಿಲ್ಲುತ್ತಿರಲಿಲ್ಲ. ಕಣ್ಣು ಅರ್ಧ ತೆರೆದಿದ್ದವು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಒಲೆಯ ಪಕ್ಕದ ಬುಟ್ಟಿಯಲ್ಲಿ ಹುರಿದ ಜೋಳ ಇನ್ನೂ ಬಿಸಿಯಾಗಿತ್ತು.

ಮೊದಲಿನಿಂದ ಹೇಳುತ್ತೇನೆ.

ಹೋದ ವಾರ ಸಿಂದಗಿಯಿಂದ ತಂಗಿಯ ಊರಿಗೆ ಹೋಗಿದ್ದೆ. ನಾಲತವಾಡದ ಹತ್ತಿರದ ಹಳ್ಳಿ. ಮುಂಗಾರಿ ಬಿತ್ತನೆ ನಡೆದಿತ್ತು. ತಂಗಿಯ ಗಂಡ ಬಸಪ್ಪ ಈ ವರ್ಷ ಹಟ ಹಿಡಿದು ಹೈಬ್ರಿಡ್ ಜೋಳ ತಂದಿದ್ದಾನೆ. (ಓಣಿಯವರು ನಗುತ್ತಾರೆ. ಅದರ ರೊಟ್ಟಿ ದನ ಸೈತ ಮೂಸುವುದಿಲ್ಲವಂತೆ.) ಬೀಜ ಬಂದದ್ದು ಅಚ್ಚು ಹಾಕಿದ ಚೀಲದಲ್ಲಿ. ಕಾಳಿಗೆಲ್ಲ ಕೆಂಪು ಪುಡಿ ಬಳಿದಿತ್ತು. ಬಿತ್ತಿ ಉಳಿದದ್ದನ್ನು ಬಸಪ್ಪ ಪಡಸಾಲಿಯ ಗೂಟಕ್ಕೆ ತೂಗುಹಾಕಿದ್ದ.

ನಾನು ಹೋದ ದಿನವೇ ಅವನು ಹಿರಿಯ ಮಗಳು ಕಸ್ತೂರಿಯನ್ನು ಕರೆದು ನನ್ನೆದುರು ನಿಲ್ಲಿಸಿದ. ಮೂರನೇ ಇಯತ್ತೆ. ಎರಡು ಜಡೆ, ಕೈಕಟ್ಟು, ಎದುರಿಗೆ ಕನ್ನಡ ಪುಸ್ತಕ. ಹುಡುಗಿ ಒಂದೇ ಉಸಿರಿಗೆ ಒಂದು ಪಾಠ ಓದಿ ಮುಗಿಸಿದಳು. ಒಂದು ಅಕ್ಷರ ತಪ್ಪಲಿಲ್ಲ. ಆದರೆ ಆ ದನಿ ಅವಳದಲ್ಲ. ಏನೋ ಒಂದು ರಾಗ, ಏರಿ ಇಳಿದು ಏರಿ ಇಳಿದು, ಗಿರಣಿ ತಿರುಗಿದ ಹಾಗೆ.

"ಹೆಂಗ್ರಿ ನಮ್ಮ ಕಸ್ತೂರಿ? ರೇಡಿಯೋ ಅಂದ್ರ ರೇಡಿಯೋ!" ಎಂದ ಬಸಪ್ಪ. ಓದು ಬಾರದ ಮನೆಯಲ್ಲಿ ಓದುವ ಮೊದಲ ಕೂಸು. ಹೆಮ್ಮೆ ಬೇಡವೇ?

ಮರುದಿನ ಭಾನುವಾರ. ನಾನೂ ಬಸಪ್ಪನೂ ಹೊಲಕ್ಕೆ ಹೋಗಿದ್ದೆವು. ತಂಗಿ ಬಟ್ಟೆ ಒಗೆಯಲು ಹಳ್ಳಕ್ಕೆ ಹೋಗಿದ್ದಳು. ಮನೆಯಲ್ಲಿ ಅತ್ತೆ ಮತ್ತು ಎರಡು ಹುಡುಗಿಯರು. ನೀಲಾ ತಿನ್ನಲು ಏನಾದರೂ ಬೇಕೆಂದು ರಂಪ ಮಾಡಿದ್ದಾಳೆ. ಮುದುಕಿಯ ಕಣ್ಣು ಗೂಟದ ಚೀಲದ ಮೇಲೆ ಬಿದ್ದಿದೆ. ಮುತ್ತಿನಂಥ ಕಾಳು. ಆದರೆ ಬಣ್ಣ ಕಂಡು ಅನುಮಾನ. ಅನುಮಾನ ಬಂದ ಕೂಡಲೇ ಆಕೆ ಏನು ಮಾಡಿದಳು? ಬುದ್ಧಿವಂತರು ಮಾಡುವ ಕೆಲಸವನ್ನೇ ಮಾಡಿದಳು. ಓದಿದವರನ್ನು ಕೇಳಿದಳು.

"ಕಸ್ತೂರೀ, ಚೀಲದ ಮ್ಯಾಲ ಏನ್ ಬರದಾರ ನೋಡವಾ."

ಕಸ್ತೂರಿ ನೆಟ್ಟಗೆ ನಿಂತು ಓದಿದಳು: "ವಿಷೋಪಚಾರಿತ ಬೀಜ. ಆಹಾರವಾಗಿ ಸೇವನೆಗೆ ಯೋಗ್ಯವಲ್ಲ."

ಮುದುಕಿ ತಲೆಯಾಡಿಸಿ, ಕಾಳು ತೊಳೆದು, ಹಂಚಿಗೆ ಹಾಕಿದಳು.

ನಾವು ಬಾಗಿಲಿಗೆ ಬಂದಾಗ ಕಂಡದ್ದು ನಾನು ಮೊದಲು ಹೇಳಿದ ನೋಟ. ಕಸ್ತೂರಿ ಲಂಗದ ಉಡಿಯಲ್ಲಿ ಹುರಿದ ಕಾಳು ಹಿಡಿದು ಗೋಡೆಗೆ ಆತು ನಿಂತಿದ್ದಳು. ಒಂದೆರಡು ಬಾಯಿಗೆ ಹಾಕಿಕೊಂಡು ಕಹಿಯೆಂದು ಉಗುಳಿದ್ದಳಂತೆ. ನಾನು ಚೀಲ ಕೈಗೆತ್ತಿಕೊಂಡು ಓದಿದೆ.

"ಅವ್ವಾ, ಇದರಾಗ ಇಷಾ ಐತೆಂತ ಬರದಾರಲ್ರೀ!"

"ಇಷಾ? ಇಷದ ಮಾತ ಆಡ್ಲಿಲ್ಲಪಾ ಆಕಿ! ಉಪಚಾರ ಅಂದ್ಲು, ಸೇವಾ ಅಂದ್ಲು, ಯೋಗ್ಯ ಅಂದ್ಲು. ಎಲ್ಲಾ ಚಲೋ ಮಾತs ಅಲ್ಲನು?" ಮುದುಕಿ ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು. "ಓದಿಸೇ ಹುರದೇನಪಾ. ಸುಮ್ಮ ಹುರದಿಲ್ಲ."

ನಾನು ಕಸ್ತೂರಿಯ ಕಡೆ ತಿರುಗಿದೆ. "ಸೇವನೆಗೆ ಯೋಗ್ಯವಲ್ಲ ಅಂದ್ರ ಏನವಾ?"

ಹುಡುಗಿ ಕಣ್ಣು ಬಿಟ್ಟಳು. "ಅಂದ್ರ... ಅದು ಬುಕ್ಕಿನ ಮಾತ್ರಿ ಮಾಮಾ."

ಬುಕ್ಕಿನ ಮಾತು. ಅದಕ್ಕೆ ಅರ್ಥ ಇರುತ್ತದೆ ಎಂದು ಆ ಕೂಸಿಗೆ ಯಾರೂ ಹೇಳಿರಲಿಲ್ಲ.

ತಂಗಿ ಇನ್ನೂ ಹಳ್ಳದಿಂದ ಬಂದಿರಲಿಲ್ಲ. ಬಸ್ಸಿನ ಹೊತ್ತಲ್ಲ. ಮುದ್ದೇಬಿಹಾಳಕ್ಕೆ ಹೊರಟಿದ್ದ ಒಂದು ಲಾರಿಗೆ ಅಡ್ಡ ನಿಂತೆವು. ಡ್ರೈವರ್ ಸಾಬರು ಕೂಸಿನ ಮುಖ ನೋಡಿ ಒಂದು ಮಾತೂ ಕೇಳದೆ ಬಾಗಿಲು ತೆಗೆದರು. ನೀಲಾಳ ಕೈ ನನ್ನ ಕೈಯಲ್ಲಿತ್ತು. ತಣ್ಣಗಿತ್ತು. ಒಮ್ಮೊಮ್ಮೆ ಬೆರಳು ಸೆಟೆಯುತ್ತಿದ್ದವು, ಆಮೇಲೆ ಸಡಿಲಾಗುತ್ತಿದ್ದವು. ಸಡಿಲಾದಾಗಲೇ ನನಗೆ ಹೆಚ್ಚು ಹೆದರಿಕೆ. ಬಸಪ್ಪ ಹಾದಿಯುದ್ದಕ್ಕೂ ಒಂದೇ ಮಾತು, "ನೀಲಾ, ಎಚ್ಚರ ಇರವಾ, ಮಕ್ಕೋಬ್ಯಾಡ." ಕಸ್ತೂರಿಯನ್ನೂ ಡಾಕ್ಟರಿಗೆ ತೋರಿಸಬೇಕೆಂದು ಹತ್ತಿಸಿಕೊಂಡಿದ್ದೆವು. ಅವಳು ಮೂಲೆಯಲ್ಲಿ ಕೂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಡಾಕ್ಟರು ಮಗುವಿನ ಮೂಗಿನಲ್ಲಿ ನಳಿಗೆ ಇಳಿಸಿ ಹೊಟ್ಟೆ ತೊಳೆದರು. ಕಸ್ತೂರಿಗೆ ಏನೂ ಆಗಿಲ್ಲವೆಂದರು. ಆಮೇಲೆ ನಾವು ತಂದಿದ್ದ ಚೀಲ ನೋಡಿ ಸಿಟ್ಟಾದರು. "ಇಷ್ಟ ದಪ್ಪ ಅಕ್ಷರದಾಗ ಬರದಾರ! ನಿಮ್ಮ ಮನ್ಯಾಗ ಒಬ್ಬರಿಗೂ ಓದಾಕ ಬರಾಂಗಿಲ್ಲೇನು?"

ಬಸಪ್ಪ ತಲೆ ತಗ್ಗಿಸಿ ಹೇಳಿದ, "ಬರ್ತೈತ್ರೀ. ಫಸ್ಟ್‌ಕ್ಲಾಸ್ ಬರ್ತೈತಿ."

ಸಂಜೆಯವರೆಗೂ ಡಾಕ್ಟರು ಮತ್ತೆ ಮತ್ತೆ ಬಂದು ನೀಲಾಳ ನಾಡಿ ಹಿಡಿದು ನೋಡಿ ಹೋದರು. ಕೇಳಿದರೆ "ನೋಡೋಣ್ರಿ" ಎನ್ನುತ್ತಿದ್ದರು. (ಡಾಕ್ಟರ ಬಾಯಲ್ಲಿ ಇದಕ್ಕಿಂತ ಭಯಂಕರ ಮಾತು ಇದೆಯೇ?) ದೀಪ ಹಚ್ಚುವ ಹೊತ್ತಿಗೆ ನೀಲಾ ಕಣ್ಣು ತಿರುಗಿಸಿ ನನ್ನನ್ನು ನೋಡಿದಳು. ನೋಡಿ ಅತ್ತಳು. ಆ ಅಳು ಕೇಳಿ ಬಸಪ್ಪ ಆಸ್ಪತ್ರೆಯ ನೆಲದ ಮೇಲೆ ಕುಸಿದು ಕೂತ. ಕೂಸು ಉಳಿಯಿತು.

ಇಷ್ಟಕ್ಕೇ ಮುಗಿದಿದ್ದರೆ ಈ ವಾರ ನಿಮಗೆ ಒಂದು ಎಚ್ಚರಿಕೆ ಹೇಳಿ ಸುಮ್ಮನಾಗುತ್ತಿದ್ದೆ. ಮುಗಿಯಲಿಲ್ಲ.

ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಕಸ್ತೂರಿಗೆ, "ಬೋರ್ಡ್ ನೋಡವಾ, ಯಾವೂರ ಬಸ್ಸು?" ಎಂದೆ. ಅವಳು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

"ಯಾಕವಾ?"

"ನಾ ಓದೂದಿಲ್ರಿ ಮಾಮಾ. ನಾ ಓದಿದ್ರ ಯಾರರ ಸಾಯ್ತಾರ."

ಓದುಗರೇ, ಲಾರಿಯಲ್ಲಿ ಆದ ಹೆದರಿಕೆ ಒಂದು ತೂಕ. ಈ ಮಾತು ಕೇಳಿ ಆದದ್ದು ಇನ್ನೊಂದು ತೂಕ. ಮರುದಿನ ಅವಳು ಸಾಲಿಗೆ ಹೋಗಲಿಲ್ಲ; ಪಾಟೀಚೀಲ ಬಾಗಿಲ ಹಿಂದೆಯೇ ಉಳಿಯಿತು.

ಸಾಲಿಗೆ ನಾನೇ ಹೋದೆ. ಮಾಸ್ತರರು ಗೊಳಸಂಗಿ ಕಡೆಯವರು, ಒಳ್ಳೆಯ ಮನುಷ್ಯ. ಬೇವಿನ ಗಿಡದ ಕೆಳಗೆ ಕೂತು ಎಲ್ಲ ಕೇಳಿ ಕಣ್ಣೀರು ತಂದುಕೊಂಡರು.

"ಒಂದನೇ ಇಯತ್ತೆದಾಗ ಆಕಿ ಹಿಂಗ ಇರಲಿಲ್ರಿ. 'ಶಾಲೆ' ಅಂತ ಬರದ್ರ 'ಸಾಲಿ' ಅಂತ ಓದ್ತಿದ್ಲು. 'ಮನೆ ಇದೆ' ಅಂತ ಇದ್ರ 'ಮನಿ ಐತಿ' ಅಂತಿದ್ಲು. ನಾನs ಬಡದು ಬಿಡಸೇನ್ರಿ."

ಯೋಚಿಸಿ ನೋಡಿ. 'ಶಾಲೆ' ಎಂಬ ಅಕ್ಷರ ಕಂಡು 'ಸಾಲಿ' ಎಂದ ಕೂಸಿಗೆ ಓದು ಬಂದಿತ್ತು! ಕಣ್ಣು ಕಂಡದ್ದನ್ನು ಮನಸ್ಸು ತಿಳಿದುಕೊಂಡು ತನ್ನ ಬಾಯಿಂದ ಹೇಳಿತ್ತು. ನಾವು ಅದನ್ನು ತಪ್ಪೆಂದೆವು. ಅಂದಿನಿಂದ ಅವಳು ತಿಳಿಯುವುದನ್ನು ಬಿಟ್ಟು ಬರೀ ಉಚ್ಚಾರ ಕಲಿತಳು. ನಮ್ಮ ಮಾತು ಒರಟು, ಅವಸರದ್ದು ಎಂದು ದಕ್ಷಿಣದವರು ನಗಲಿ. ಅವ್ವ ಬೈಯುವುದು, ಮುದ್ದಾಡುವುದು, "ಹೋಗಬ್ಯಾಡ, ಬೀಳ್ತಿ" ಎಂದು ಕೂಗುವುದು ಇದೇ ಮಾತಿನಲ್ಲಿ. ಪುಸ್ತಕದ ಕನ್ನಡ ಕಲಿಯಬೇಕು, ಬೇಡವೆಂದವರಾರು? ಆದರೆ ಮನೆಯ ಹೊಸ್ತಿಲು ದಾಟದೆ ಸಾಲಿಗೆ ಹಾದಿ ಎಲ್ಲಿದೆ?

"ಹಂಗಾದ್ರ ಮನಿ ಮಾತಿನ್ಯಾಗ ಹೇಳಾಕ ಬಿಡ್ರಲ್ಲ" ಎಂದೆ.

ಮಾಸ್ತರರು ದನಿ ತಗ್ಗಿಸಿದರು. "ಬಿಡಬಹುದ್ರಿ. ಇನ್ಸ್‌ಪೆಕ್ಷನ್ ಐತಲ್ರಿ? ಸಾಹೇಬ್ರ ಮುಂದ ಹುಡುಗ್ರು 'ಐತಿ' ಅಂದ್ರ ನನಗ ರಿಮಾರ್ಕ್ ಬೀಳ್ತೈತಿ. ಹೋದ ವರ್ಷ ಬಿದ್ದೈತಿ."

ಅವರ ಮುಖದಲ್ಲಿಯೂ ಹೆದರಿಕೆ ಇತ್ತು. ಕಸ್ತೂರಿಯ ಮುಖದಲ್ಲಿ ಇದ್ದಂಥದ್ದೇ.

ಆದರೂ ಅವರು ಅಂದೇ ಸಂಜೆ ಮನೆಗೆ ಬಂದರು. ಕಸ್ತೂರಿ ಅವ್ವನ ಸೆರಗಿನ ಹಿಂದೆ ಅಡಗಿದಳು. ಮಾಸ್ತರರು ನೆಲದ ಮೇಲೆ ಕೂತು ಪುಸ್ತಕ ತೆಗೆದು, ಮುದುಕಿಯ ಕಡೆ ಕೈ ತೋರಿಸಿದರು. "ನೀ ಓದಬ್ಯಾಡವಾ. ಓದಾಂವ ನಾ. ನಿಮ್ಮ ಆಯಿಗೆ ತಿಳಿಯೂವಂಗ ಹೇಳಾಕಿ ನೀ." ಆಮೇಲೆ ನಿಧಾನವಾಗಿ ಓದಿದರು, ರಾಗವಿಲ್ಲದೆ: "ನದಿಯ ದಡದಲ್ಲಿ ಒಂದು ಮರವಿದೆ."

ಸೆರಗಿನ ಹಿಂದಿನಿಂದ ಸಣ್ಣ ದನಿ ಬಂತು. ಅವಳದೇ ದನಿ.

"ಹೊಳಿ ದಂಡಿ ಮ್ಯಾಲ ಒಂದ್ ಗಿಡ ಐತಿ... ಹೌದಿಲ್ರಿ?"

"ಹೌದವಾ, ಬರೋಬ್ಬರಿ ಐತಿ" ಎಂದರು ಮಾಸ್ತರರು. ಹೇಳಿದವರೇ ಥಟ್ಟನೆ ಬಾಗಿಲ ಕಡೆ ನೋಡಿದರು, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ.

ಮುಂದಿನ ತಿಂಗಳು ಸಾಹೇಬರು ಬರುತ್ತಾರಂತೆ. ಅವರೆದುರು ಈ ಹುಡುಗಿ "ಐತಿ" ಎಂದರೆ, ಹೆದರಬೇಕಾದವರು ಯಾರು, ಹೇಳಿ?